ಹತ್ತು ನಿಮಿಷ ತಡೆದ ಬೆಳಗು

ಫಿಲಿಪ್ಪೀನ್ಸಿನ ಬಟಾಡ್ ಊರಿನ ನಮ್ಮ ಬೆಟ್ಟದ ಮೆಟ್ಟಿಲುಗದ್ದೆಯ ಬದುವಿನಲ್ಲಿ ಎರೆಹುಳ ಕೊರೆದ ತೂತಿನಿಂದ ನೀರು ಸೋರುತ್ತಿದ್ದುದನ್ನು ನಸುಕಿನಲ್ಲೇ ಕಂಡೆ. ಕೆಸರು ಮೆತ್ತಲೆಂದು ಗದ್ದೆಗೆ ಇಳಿಯುವಷ್ಟರಲ್ಲಿ ಮಗಳು ಲೂರ್ದೆಸ್ ಮೇಲಿನಿಂದ ಓಡಿಬಂದಳು. ಪ್ರವಾಸಿಗರಿಗೆ ದಾರಿ ತೋರಿಸುವ ಕೆಲಸದಲ್ಲಿ ಅವಳಿಗೆ ಅದು ಮೊದಲ ದಿನ.

“ಅಮ್ಮಾ, ಇಳೀಬೇಡ! ನೀರು ಕದಡಿದ್ರೆ ಫೋಟೋ ಹಾಳಾಗುತ್ತೆ. ಸೂರ್ಯ ಹುಟ್ಟೋದು ನೋಡೋಕೇ ಮನಿಲಾದಿಂದ ಬಂದಿದಾರೆ.”

“ಕೆಳಗೆ ನಿಮ್ಮತ್ತೆ ಸಸಿಮಡಿ ಇದೆಯಲ್ಲೇ.”

“ಮುತ್ತಜ್ಜನ ಕಾಲದಿಂದ ನಿಂತಿರೋ ಬದು ಹತ್ತು ನಿಮಿಷ ನಿಲ್ಲಲ್ವಾ?”

ಹಾಗೆ ನಗೆಯಾಡಿದರೂ ಅವಳು ಮತ್ತೆ ಮತ್ತೆ ಮೇಲೆ ನಿಂತವರತ್ತ ತಿರುಗಿ ನೋಡುತ್ತಿದ್ದಳು. ನಾನು ಕಾಲು ಹಿಂದೆಗೆದುಕೊಂಡು ಕೂತೆ. ಅವಳು ಪ್ರವಾಸಿಗರ ಬಳಿಗೆ ಮತ್ತೆ ಮೇಲಕ್ಕೆ ಹತ್ತಿದಳು.

ಸೂರ್ಯ ಬಂದ. ಮೆಟ್ಟಿಲು ಮೆಟ್ಟಿಲಾಗಿ ನೀರೆಲ್ಲ ಕೆಂಪಾಯಿತು. ಮೇಲೆ ನಿಂತವರು ಚಪ್ಪಾಳೆ ತಟ್ಟುತ್ತಿರುವಾಗಲೇ ಬದು ಕುಸಿಯಿತು. ಕಲ್ಲು, ಕೆಸರು ಎಲ್ಲ ಸಸಿಮಡಿಯ ಮೇಲೆ ಬಿತ್ತು.

ನಾದಿನಿ ಇಂತನ್ನಾಪ್ ಗುಡಿಸಲಿನಿಂದ ಓಡಿಬಂದು ತಲೆ ಎತ್ತಿ ನೋಡಿದಳು. “ಅತ್ತಿಗೆ, ಸೋರ್ತಿದ್ದದ್ದು ನಿಮಗೆ ಕಾಣ್ಲಿಲ್ವಾ?”

“ಕಂಡಿತ್ತು ಕಣೇ. ತಡೆಯುತ್ತೆ ಅಂದ್ಕೊಂಡೆ,” ಎಂದೆ. ಮಗಳ ಹೆಸರು ಎತ್ತಲಿಲ್ಲ.

ಇಂತನ್ನಾಪ್ ಮಂಡಿಯೂರಿ, ಕೆಸರಿನಲ್ಲಿ ಸಸಿಗಳನ್ನು ತಡಕತೊಡಗಿದಳು. ಅವಳ ಪಕ್ಕಕ್ಕೆ ಇಳಿದು ಹೋಗುವಾಗ ಮೇಲೆ ನೋಡಿದೆ. ಪ್ರವಾಸಿಗರ ನಡುವೆ ಲೂರ್ದೆಸ್ ನಿಂತಲ್ಲೇ ನಿಂತಿದ್ದಳು.