ಆನೆಬಾಗಿಲು

"ಬಾಳೆಕಂಬ ಇನ್ನಾ ಬಿಗೀರಿ, ದಾರ್ಯಾಗ ವಾಲ್ತದ," ಎನ್ನುತ್ತ ಮಲ್ಲಣ್ಣ ಹಗ್ಗ ಎಳೆದ. ತೀರಿಕೊಂಡ ಅಣ್ಣ ಶಾಂತಲಿಂಗಪ್ಪನನ್ನು ವಿಮಾನವೆನ್ನುವ ಶವದ ಮಂಟಪದಲ್ಲಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ ಆಗಿತ್ತು. ಇನ್ನು ಹೊಲಕ್ಕೆ ಒಯ್ದು ಮಣ್ಣು ಕೊಡುವುದೊಂದೇ ಬಾಕಿ.

"ಮಲ್ಲಣ್ಣ, ಹೊಲಕ್ಕ ಹೋಗೂಮುಂದ ಅವರ್ನ ಕಂಪ್ಯೂಟರ್ ಬಿಲ್ಡಿಂಗಿನೊಳಗ ಒಮ್ಮಿ ಕರಕೊಂಡ್ ಹೋಗ್ರಿ," ಎಂದಳು ಶಾಂತಲಿಂಗಪ್ಪನ ಹೆಂಡತಿ ಗುರುಶಾಂತಮ್ಮ.

ಮಲ್ಲಣ್ಣನ ಕೈ ನಿಂತಿತು. "ಬ್ಯಾಡ ವೈನಿ. ಆ ಬಾಗಲಾ ನೋಡಿ ಅಣ್ಣ ಬದುಕಿದ್ದಾಗ ಮಂದಿ ನಕ್ಕಿದ್ದು ಸಾಲಲಿಲ್ಲೇನು? ಇವತ್ತರೆ ಬಿಡ್ರಿ."

"ನಕ್ಕರ ನಗ್ಲಿ. ಕಟ್ಟಿದವ್ರು ಹೊಸ್ತಿಲಾ ದಾಟದ ಹೋದ್ರ ನನ್ನ ಜೀವಕ್ಕ ಸಮಾಧಾನ ಇಲ್ಲ."

*

ಆಳಂದದ ರಸ್ತೆಯಲ್ಲಿ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗಕ್ಕೆ ಕಟ್ಟಡದ ನಕ್ಷೆ ಬರೆಯುವ ಕೆಲಸ ಎಂಬತ್ತೆಂಟರಲ್ಲಿ ಬಂದಾಗ, ಎಂಜಿನಿಯರ್ ಶಾಂತಲಿಂಗಪ್ಪ ಕಂಪ್ಯೂಟರನ್ನೇ ಕಂಡಿರಲಿಲ್ಲ. ಕಾಣದೆ ಗೆರೆ ಎಳೆಯುವ ಮನುಷ್ಯನಲ್ಲ ಅವನು. ಹೈದರಾಬಾದಿನ ಒಂದು ಕಚೇರಿಗೆ ಹೋಗಿ ನೋಡಿ ಬಂದ.

"ನಮ್ಮ ಜ್ವಾಳದ ಕಣಜದಂಗ ಅದ," ಎಂದು ಹೆಂಡತಿಗೆ ಹೇಳಿದ. "ಒಳಗ ಒಯ್ಯಾಕ ಬಾಗಲಾನೂ ಹಂಗ ಬೇಕು."

ಎರಡಾಳೆತ್ತರದ, ಜೋಡಿ ಕದದ ಬಾಗಿಲು ಬರೆದ.

ಕಟ್ಟಡ ಮುಗಿಯುವಷ್ಟರಲ್ಲಿ ಕಾಲ ಬದಲಾಗಿತ್ತು. ಕಂಪ್ಯೂಟರುಗಳು ರಟ್ಟಿನ ಪೆಟ್ಟಿಗೆಗಳಲ್ಲಿ, ಟೆಂಪೋದಲ್ಲಿ ಬಂದವು. ಜವಾನ ರೇವಣಪ್ಪ ಒಂದನ್ನು ಹೆಗಲಿಗೇರಿಸಿ, ಒಂದೇ ಕದ ತೆರೆದು ಒಳಗೆ ನಡೆದ.

"ಆನಿ ಬರ್ತದಂತ ಬಾಗಲಾ ಇಟ್ರಿ ಸಾಹೇಬ್ರ, ಇಲಿ ಬಂತಲ್ರಿ."

ನೆರೆದವರೆಲ್ಲ ನಕ್ಕರು. ಶಾಂತಲಿಂಗಪ್ಪನೂ ನಕ್ಕ. ಅಂದಿನಿಂದ ಅದು ಊರಿಗೆಲ್ಲ ಆನೆಬಾಗಿಲು. ಪಾಪ, ಮರ್ಯಾದಸ್ಥ ಮನುಷ್ಯ, ಮತ್ತೆ ಆ ಕಡೆ ಹಾಯಲಿಲ್ಲ. ಇನ್ನೊಂದು ಕದದ ಅಗಳಿಯನ್ನು ಯಾರೂ ತೆಗೆಯಲೂ ಇಲ್ಲ.

*

ಭಜನೆಯವರ ತಾಳ ಕಟ್ಟಡದ ಮುಂದೆ ನಿಂತಿತು. ವಿಭಾಗದ ಮುಖ್ಯಸ್ಥ ಸಲಾವುದ್ದೀನ ಹುಡುಗರೊಂದಿಗೆ ಹೊರಗೆ ಬಂದ.

"ವೈನಿ ಒಳಗ ಒಯ್ಯಬೇಕಂತಾರ್ರಿ," ಎಂದ ಮಲ್ಲಣ್ಣ, ನೆಲ ನೋಡುತ್ತ.

ಸಲಾವುದ್ದೀನ ವಿಮಾನವನ್ನು ನೋಡಿದ, ಬಾಗಿಲನ್ನು ನೋಡಿದ. "ರೇವಣಪ್ಪ, ಆ ಕದಾನೂ ತೆಗಿ."

ಅಗಳಿ ತುಕ್ಕು ಹಿಡಿದಿತ್ತು. ರೇವಣಪ್ಪ ಕಲ್ಲು ತಂದು ಗುದ್ದಿದ. ಎರಡನೆಯ ಕದ ಕಿರುಗುಟ್ಟುತ್ತ ಹಿಂದೆ ಸರಿಯಿತು.

ಹೊತ್ತವರು ಮೆಟ್ಟಿಲೇರಿ, ಮನೆಬಾಗಿಲುಗಳ ರೂಢಿಯಂತೆ ಮೊಣಕಾಲು ಬಗ್ಗಿಸತೊಡಗಿದರು.

"ಬಗ್ಗಬ್ಯಾಡ್ರಿ," ಎಂದ ರೇವಣಪ್ಪ. ಅವನ ಕಣ್ಣುಗಳು ತುಂಬಿದ್ದವು. "ಹಂಗ ನಡೀರಿ. ಸಾಹೇಬ್ರು ಜಗಾ ಬಿಟ್ಟಾರ."

ಬಾಳೆಯ ಸುಳಿ ಕೂಡ ಮೇಲಿನ ಚೌಕಟ್ಟಿಗೆ ತಾಗಲಿಲ್ಲ. ಹಿಂದೆ ಗುರುಶಾಂತಮ್ಮ, ಮುಂದೆ ಕೂತಲ್ಲೇ ನೆಟ್ಟಗೆ ಕೂತ ಶಾಂತಲಿಂಗಪ್ಪ, ಇಬ್ಬರೂ ಒಳಗೆ ಹೋದರು.