ಬ್ಯಾಟರಿ ಮುಗಿಯುವ ಹೊತ್ತಿಗೆ

ದುರ್ಗೇಶ ಕಾಕಾ ಸತ್ತ ಮೇಲೂ ಮೂಡಲಗಿಯ ತನ್ನ ಝೆರಾಕ್ಸ್ ಅಂಗಡಿಯಲ್ಲಿ ದಿನಾ ಮಾತಾಡುತ್ತಿದ್ದ. ಕಂಪ್ಯೂಟರಿನ ಟಿಂಗ್ ಟಾಂಗ್ ಸದ್ದುಗಳನ್ನೆಲ್ಲ ಕಿತ್ತುಹಾಕಿ, ಆ ಜಾಗಗಳಲ್ಲಿ ತನ್ನ ಅಣಕು ದನಿಗಳನ್ನು ತುಂಬಿಟ್ಟಿದ್ದನಲ್ಲ. ಮಶೀನು ಚಾಲೂ ಮಾಡಿದರೆ ಬಸ್ ಕಂಡಕ್ಟರು: "ಅರಭಾವಿ, ಗೋಕಾಕ, ಏರ್ರಿ ಏರ್ರಿ, ಒಳಗ ಸರೀರಿ." ತಪ್ಪು ಗುಂಡಿ ಒತ್ತಿದರೆ ಗಣಿತದ ಮಾಸ್ತರು: "ಕೈ ಮುಂದ ಮಾಡವಾ, ಜಾಣಿ." ಕಸದ ಬುಟ್ಟಿ ಖಾಲಿ ಮಾಡಿದರೆ ಗುಜರಿಯವನ ಕೂಗು. ಅಣ್ಣನ ಮಗಳು ಮಯೂರಿ ಕಂಪ್ಯೂಟರ್ ಕಲಿತದ್ದೇ ಈ ಬೈಗುಳದಲ್ಲಿ. ಈಗ ಅಂಗಡಿ ಅವಳದು.

ವಿಂಡೋಸಿನ ಹೊಸ ಆವೃತ್ತಿ ಆ ಹಳೆಯ ಮಶೀನಿಗೆ ಏರಲಿಲ್ಲ. ಹುಕ್ಕೇರಿಯ ಮೆಕ್ಯಾನಿಕ್ ಹನಮಂತ ಬಂದು ಲಿನಕ್ಸ್ ಹಾಕಿದ. ಕಿಟಕಿ ಮುಚ್ಚಿತು, ಲಿನಕ್ಸಿನ ಗುರುತಿನ ಪೆಂಗ್ವಿನ್ ಒಳಗೆ ಬಂತು, ಕಾಕಾ ಹೊರಗುಳಿದ.

ಮರುದಿನದಿಂದ ಮಯೂರಿ ತನ್ನ ಅಂಗಡಿಯಲ್ಲೇ ಪರದೇಶಿಯಾದಳು. ಸಿ ಡ್ರೈವ್ ಹುಡುಕಿದರೆ ಅಂಥದೊಂದು ಇರಲೇ ಇಲ್ಲ. ಪ್ರಿಂಟರ್ ಅವಳ ಗುರುತೇ ಇಲ್ಲದವರಂತೆ ಸುಮ್ಮನಿತ್ತು. ಕಪ್ಪು ಪರದೆಯೊಂದು ಪಾಸ್‌ವರ್ಡ್ ಕೇಳಿತು. ಒತ್ತಿದಳು, ಒಂದು ಚುಕ್ಕೆಯೂ ಮೂಡಲಿಲ್ಲ. ಮತ್ತೆ ಒತ್ತಿದಳು. ತನಗೆ ಬೆರಳುಗಳೇ ಇಲ್ಲವೇನೋ ಎನಿಸಿ ಅಂಗೈ ತಿರುಗಿಸಿ ನೋಡಿಕೊಂಡಳು. ತಪ್ಪಿನ ಮೇಲೆ ತಪ್ಪಾದರೂ ಬೈಯುವವರಿಲ್ಲ.

ಹೊಲದ ಉತಾರ ತೆಗೆಸಲು ತುಕ್ಕಾನಟ್ಟಿಯಿಂದ ಬಂದ ಮುದುಕಿ ಅಲ್ಲವ್ವ ಸುತ್ತಲೂ ಕಣ್ಣಾಡಿಸಿದಳು. "ಯಾಕವಾ, ನಿಮ್ಮ ಕಾಕಾ ಇವತ್ತ ಬಂದಿಲ್ಲೇನ?"

"ಕಾಕಾ ತೀರಿಕೊಂಡು ವರ್ಷಾತಲ್ಲ ಆಯಿ."

"ಅದು ನನಗೂ ಗೊತ್ತೈತಿ. ಮಣ್ಣಿಗಿ ಬಂದಿದ್ನಿ. ಇವತ್ತ ಯಾಕ ಬಂದಿಲ್ಲಂತ ಕೇಳಿದ್ನಿ."

ಅವಳು ಹೋದ ಮೇಲೆ ಮಯೂರಿ ಕಣ್ಣು ಮುಚ್ಚಿ ಕಾಕಾನ ದನಿಯನ್ನು ನೆನೆದಳು. ಕಂಡಕ್ಟರು ಬಂದ, ಮಾಸ್ತರು ಬಂದರು. ಗೋಕಾಕದ ಆಸ್ಪತ್ರೆಯ ಹಾಸಿಗೆಯಲ್ಲಿ ಡಾಕ್ಟರರನ್ನು ಅಣಕಿಸುತ್ತ, "ರೆಸ್ಟ್ ತಗೋರಿ ದುರ್ಗೇಶ" ಎಂದು ತನಗೆ ತಾನೇ ಹೇಳಿಕೊಂಡದ್ದೂ ಕೇಳಿಸಿತು. ಬದುಕಿದ್ದಾಗಲೂ ಅವನು ಮಾತಾಡಿದ್ದೆಲ್ಲ ಇನ್ನೊಬ್ಬರ ದನಿಯಲ್ಲೇ. ಆದರೆ ಅವನದೇ ದನಿ? ಅದು ಹೇಗಿತ್ತು? ಎಷ್ಟು ತಡಕಾಡಿದರೂ ಸಿಗಲಿಲ್ಲ. ಅವಳಿಗೆ ಭಯವಾಯಿತು. ಹನಮಂತನಿಗೆ ಫೋನ್ ಮಾಡಿದಳು.

"ಕಾಕಾನ ದನಿ ಎಲ್ಲಿ ಒಗದ್ರಿ ಅಣ್ಣಾ?"

"ಲಿನಕ್ಸ್ ಹಾಕಿ ಲೀನ ಮಾಡಿದ್ನಿ ಅಂದ್ಕೊಂಡ್ಯೇನ? ಎಲ್ಲಾ ಪೆನ್‌ಡ್ರೈವ್‌ನ್ಯಾಗ ಅದಾವ ತಂಗಿ."

ಎರಡು ದಿನ ಬಿಟ್ಟು ಬಂದ. ದನಿಗಳನ್ನೆಲ್ಲ ಮಶೀನಿಗೆ ಸುರುವಿದ. "ಫೈಲಿನ ಹೆಸರ ನೋಡಿ ಆಯಾ ಜಾಗಾಕ ಹಚ್ಚೇನಿ. ಕುಂತ ಕೇಳಾಕ ನನಗ ಪುರಸೊತ್ತಿಲ್ಲ." ಹೋಗುವ ಮುಂಚೆ, ಧೂಳು ಹಿಡಿದು ನೇತಾಡುತ್ತಿದ್ದ ಯುಪಿಎಸ್ಸಿನ ವೈರನ್ನೂ ಮಶೀನಿಗೆ ಚುಚ್ಚಿದ. "ಇನ್ನ ಕರೆಂಟ್ ಹೋದ್ರ ಬ್ಯಾಟರಿ ಎಷ್ಟ ಉಳದೈತಿ ಅಂತ ಇದಕ್ಕ ತಿಳೀತೈತಿ. ಹಿಂದ ತಿಳೀತಿದ್ದಿಲ್ಲ."

ಕಂಡಕ್ಟರು ಮರಳಿದ. ಮಾಸ್ತರ ಬೈಗುಳಕ್ಕಾಗಿ ಮಯೂರಿ ಬೇಕೆಂದೇ ತಪ್ಪು ಒತ್ತಿದಳು. ಎಲ್ಲರೂ ಬಂದರು. ಕಾಕಾ ಮಾತ್ರ ಬರಲಿಲ್ಲ.

ಸಂಜೆ ಮೋಡ ಕವಿದು ಕರೆಂಟ್ ಹೋಯಿತು. ಯಾರದೋ ಅರ್ಜಿ ಅರ್ಧವಾಗಿತ್ತು. ಪರದೆಯ ಬೆಳಕಿನಲ್ಲೇ ಅದನ್ನು ಟೈಪ್ ಮಾಡುತ್ತಿದ್ದಳು. ಯುಪಿಎಸ್ ಕುಂಯ್ ಕುಂಯ್ ಎನ್ನತೊಡಗಿತು. ಆಗ ತೀರ ಹತ್ತಿರದಲ್ಲಿ ಒಬ್ಬ ಗಂಡಸು ಹೇಳಿದ:

"ಮಯೂರಿ, ಕತ್ತಲಾತು. ಸಾಕ್ ಮಾಡು. ಮನಿಗಿ ಹೋಗೂಣು ನಡಿ."

ತೆಳ್ಳನೆಯ, ದಣಿದ ದನಿ. ಎಂದೂ ಕೇಳಿದ್ದಲ್ಲ. ಮಯೂರಿ ಬಾಗಿಲತ್ತ ತಿರುಗಿದಳು. ಯಾರೂ ಇರಲಿಲ್ಲ.

"ಯಾರ್ರೀ?" ಎಂದಳು.

ಪರದೆ ಆರಿತು.

ಕರೆಂಟ್ ಬಂದ ಮೇಲೆ ಮಶೀನು ಚಾಲೂ ಮಾಡಿದಳು. "ಏರ್ರಿ ಏರ್ರಿ" ಎಂದು ಕಂಡಕ್ಟರು ಒದರಿದ. ಆ ಒದರಾಟದ ಕೊನೆಗೆ, ಉಸಿರು ತೀರುವಲ್ಲಿ, ಅದೇ ದಣಿವು ಸಣ್ಣಗೆ ಕೇಳಿಸಿತು. ಮಾತಾಡಿದ ಆ ಗಂಡಸು ಕಾಕಾನೇ. ಎಲ್ಲರ ದನಿಯನ್ನೂ ಎಲ್ಲರಿಗೂ ಕೇಳಿಸಿದವನು, ತನ್ನ ದನಿಯೊಂದನ್ನು ಮಾತ್ರ ಬ್ಯಾಟರಿ ಮುಗಿಯುವಾಗ ಬರುವ ಮಾತಿಗೆ ಇಟ್ಟಿದ್ದ, ಬ್ಯಾಟರಿಯ ಸುದ್ದಿಯೇ ಗೊತ್ತಿಲ್ಲದ ಮಶೀನಿನಲ್ಲಿ. ಅದು ಕೊನೆಗೂ ಬಾಯಿ ಬಿಟ್ಟರೆ, ಯಾರ್ರೀ ಎಂದು ಕೇಳಿದ್ದಳು ಅವಳು.

ಮಯೂರಿ ಶಟರನ್ನು ಅರ್ಧ ಎಳೆದಳು. ಕಾಕಾನ ಕುರ್ಚಿಯನ್ನು ತನ್ನ ಬಾಜುವಿಗೆ ಸರಿಸಿಕೊಂಡಳು. ಟ್ಯೂಬ್‌ಲೈಟ್ ಉರಿಯುತ್ತಿರುವಾಗಲೇ ಯುಪಿಎಸ್ಸಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಬ್ಯಾಟರಿ ಮುಗಿಯಲೆಂದು ಕಾಯುತ್ತ ಕುಳಿತಳು.