ಹಾಲುಗೆಸರಿನಲ್ಲಿ ಬಿದಿರು

ಮೇಘನಾ ನದಿ ಹೊತ್ತು ತಂದು ಸುರಿಯುವ ಮಣ್ಣಿಗೆ ದ್ವೀಪದವರು ಅಡುಗೆಮನೆಯ ಹೆಸರುಗಳನ್ನೇ ಇಟ್ಟಿದ್ದರು. ಕಾಲಿಟ್ಟರೆ ನುಂಗುವುದು ಹಾಲು, ಮೊಣಕಾಲಿಗೆ ನಿಲ್ಲುವುದು ಮೊಸರು, ಎಮ್ಮೆ ನಡೆದರೂ ಬಿರಿಯದ್ದು ರೊಟ್ಟಿ. ಮನೆಯಡಿಯ ರೊಟ್ಟಿಯನ್ನು ನದಿಯೇ ತಿಂದು ತೇಗಿದ ಮೇಲೆ ಜೋರಿನಾ ಮತ್ತು ಅವಳ ಗಂಡ ತೊರಾಬ್ ಸೆಣಬಿನ ಕಡ್ಡಿಯ ಗೋಡೆಗಳನ್ನು ಬಿಚ್ಚಿ ದೋಣಿಗೆ ಹೇರಿಕೊಂಡು, ನೀರಿಳಿದಾಗ ಬೆನ್ನು ಮೇಲೆತ್ತಿದ ಹೊಸ ದಿಬ್ಬಕ್ಕೆ ಬಂದಿದ್ದರು.

ಮೊದಲು ಬಿದಿರು ನೆಟ್ಟವನದೇ ದಿಬ್ಬ. ಆದರೆ ಬಿದಿರಿಗೆ ಎದೆಯೆತ್ತರದಲ್ಲಿ ಕಟ್ಟಿದ ಕೆಂಪು ಬಟ್ಟೆಯನ್ನು ಏರುನೀರು ಮುಟ್ಟುವವರೆಗೂ ಅದು ನಿಂತಿರಬೇಕು. ಹೊರಗಿನವನೊಬ್ಬ ಅದನ್ನು ಕಣ್ಣಾರೆ ಕಾಣಬೇಕು.

"ಮೊಸರು ಕಣೇ," ಎಂದು ದೋಣಿಯಿಂದಲೇ ತೀರ್ಪು ಕೊಟ್ಟು ತೊರಾಬ್ ಇಳಿದಿದ್ದ. ಅದು ಹಾಲು. ಈಗ ಸೊಂಟದವರೆಗೆ ಹೂತು, ತಾನಾಗಿ ನಿಲ್ಲದ ಬಿದಿರನ್ನು ಎರಡೂ ಕೈಯಿಂದ ಅಪ್ಪಿಕೊಂಡಿದ್ದ. ಕೆಂಪು ಬಟ್ಟೆ ಅವನ ನೆತ್ತಿಗಿಂತ ಮೇಲಿತ್ತು. ನೀರು ಏರತೊಡಗಿತ್ತು.

ಜೋರಿನಾ ಗೋಡೆಗಳನ್ನು ಕೆಸರಿನ ಮೇಲೆ ಹಾಸಿ, ಹೊಟ್ಟೆಯ ಮೇಲೆ ತೆವಳುತ್ತ ಅವನನ್ನು ಮುಟ್ಟಿದಳು. ಎಂದಿನಂತೆ ಮಗಳ ಹೆಸರು ಹಿಡಿದೇ ಕರೆದಳು.

"ಮೈನಾಳ ಅಪ್ಪಾ, ಬಿದಿರು ಬಿಡಿ. ಅಂಗಾತ ಮಲಗಿ, ಎಳೀತೀನಿ."

ತೊರಾಬ್, ಜಮೀನು ಅಳೆಯಲು ಬರುವ ಸರ್ವೆ ಸಾಹೇಬರ ಮೂಗಿನ ದನಿಯನ್ನು ಅಣಕಿಸಿದ. "ಯಾರಯ್ಯಾ ಅರ್ಜಿದಾರ? ಕೆಳಗರ್ಧ ಜಮೀನು, ಮೇಲರ್ಧ ಮನುಷ್ಯ. ಯಾವುದನ್ನ ಅಳೀಲಿ?"

"ನೀರು ಹೊಟ್ಟೆಗೆ ಬಂದಿದೆ."

"ಬಿಟ್ರೆ ಬೀಳುತ್ತೆ ಕಣೇ. ಇನ್ನೊಂದ್ಸಲ ಕಟ್ಟೋಕೆ ನಮ್ಮ ಹತ್ರ ಏನಿದೆ?"

ಪಕ್ಕದ ಕೇರಿಯ ಕೊಬಾದ್ ಅಷ್ಟರಲ್ಲಿ ದೋಣಿ ತಂದು ನಿಲ್ಲಿಸಿದ್ದ. ಅವನ ದೋಣಿಯಲ್ಲೂ ಒಂದು ಬಿದಿರಿತ್ತು.

"ಚಾಚಾ, ಬಿದಿರು ನಿಂತಿತ್ತು ಅಂತ ಸಾಕ್ಷಿ ಹೇಳ್ತೀನಿ ಅನ್ನಿ. ಆಗಾದ್ರೂ ಇವರು ಕೈ ಬಿಡ್ತಾರೆ."

"ಬಟ್ಟೆ ನೆನೀಲಿ ತಾಯಿ, ಹೇಳ್ತೀನಿ. ಸುಳ್ಳು ಹೇಳಿದ್ರೆ ನಾಳೆ ನನ್ನ ಬಿದಿರನ್ನ ಯಾರು ನಂಬ್ತಾರೆ?"

"ಅಷ್ಟರಲ್ಲಿ ಇವರ ಬಾಯೊಳಗೆ ನೀರು ಹೋಗಿರುತ್ತೆ."

"ಹಗ್ಗ ಕೊಡ್ತೀನಿ. ಹಿಡ್ಕೊಳ್ಳೋಕೆ ಅವನಿಗೆ ಹೇಳು," ಎಂದು ಕೊಬಾದ್ ಹಗ್ಗ ಎಸೆದ.

ಹಿಡಿಯಲು ತೊರಾಬನ ಕೈ ಖಾಲಿ ಇರಲಿಲ್ಲ. ನೀರು ಎದೆ ದಾಟಿ ಕುತ್ತಿಗೆಗೆ ಬಂತು. ಅವನು ಗಲ್ಲ ಎತ್ತಿ, ಮೇಲಿನ ಬಟ್ಟೆಯನ್ನೇ ನೋಡುತ್ತ, ಗೇಣಿನ ಲೆಕ್ಕ ಹಾಕುತ್ತಿದ್ದುದನ್ನು ಜೋರಿನಾ ಕಂಡಳು. ಉಸಿರು ಹಿಡಿದಾದರೂ ಗೆಲ್ಲಬಹುದೆಂಬ ಲೆಕ್ಕ.

ಅವಳು ಹಗ್ಗವನ್ನು ಅವನ ಕಂಕುಳ ಕೆಳಗೆ ಸುತ್ತಿ ಗಂಟು ಹಾಕಿದಳು. ಆಮೇಲೆ ಅವನ ಬೆರಳುಗಳನ್ನು ಬಿಡಿಸಲು ನೋಡಿದಳು. ಬರಲಿಲ್ಲ. ಬಗ್ಗಿ ಹೆಬ್ಬೆರಳನ್ನು ಕಚ್ಚಿದಳು. ರಕ್ತ ನಾಲಿಗೆಗೆ ಬರುವವರೆಗೆ ಕಚ್ಚಿದಳು. ಕೈ ಸಡಿಲಿತು. ಬಿದಿರು ವಾಲಿ, ಬಟ್ಟೆಯ ಸಮೇತ ನೀರಿಗೆ ಮಲಗಿತು.

"ಎಳೀರಿ ಚಾಚಾ."

ಅವನನ್ನು ಅಂಗಾತ ಮಾಡಿ ಇಬ್ಬರೂ ಎಳೆದರು. ಕೆಸರು ಅವನ ಲುಂಗಿಯನ್ನು ಇಟ್ಟುಕೊಂಡು ಅವನನ್ನು ಬಿಟ್ಟುಕೊಟ್ಟಿತು. ಜೋರಿನಾ ಅವನನ್ನು ತಮ್ಮ ದೋಣಿಗೆ ಹತ್ತಿಸಿ ತಾನೂ ಹತ್ತಿದಳು. ಕೊಬಾದ್ ತನ್ನ ಹೆಗಲ ಮೇಲಿನ ಗಮ್ಚಾ ವಸ್ತ್ರವನ್ನು ಅವನ ಮೇಲೆಸೆದು ಮುಖ ತಿರುಗಿಸಿದ.

"ನಿಂತಿತ್ತು. ಆದ್ರೆ ಬಟ್ಟೆ ನೆನೆಯೋ ಮುಂಚೆ ಬಿತ್ತು," ಎಂದ ಮೆಲ್ಲಗೆ. "ಕೇಳಿದ್ರೆ ಹಾಗೇ ಹೇಳ್ಬೇಕಾಗುತ್ತೆ, ತಾಯಿ."

ತೊರಾಬ್ ಹೆಂಡತಿಯ ಕಡೆ ನೋಡಲಿಲ್ಲ. ಹಾಸಿದ್ದ ಗೋಡೆಗಳು ಒಂದೊಂದಾಗಿ ಎದ್ದು, ಏರುನೀರಿನ ಜೊತೆ ಮೇಲಕ್ಕೆ ತೇಲುತ್ತಿದ್ದವು.

"ಮನೆ ಹೋಗ್ತಿದೆ," ಎಂದ.

ಜೋರಿನಾ ಹುಟ್ಟು ಎತ್ತಿಕೊಂಡು ಅದರ ಹಿಂದೆಯೇ ದೋಣಿ ತಿರುಗಿಸಿದಳು.